ಒಂದು ರಾತ್ರಿಯ ಮಾತ್ರೆ: ರೇವ್ ಪಾರ್ಟಿಗಳ ಮಾದಕ ವಸ್ತುಗಳು ಮತ್ತು ನಮ್ಮ ಮಕ್ಕಳು

ಕಳೆದ ಶ್ರಾವಣ ಮಾಸದ ಪ್ರವಚನ ಮುಗಿದು ಸದ್ಭಕ್ತರು ಪ್ರಸಾದಕ್ಕೆ ಏಳುತ್ತಿದ್ದ ಒಂದು ಸಂಜೆ, ತಿಳವಳ್ಳಿ ಸೀಮೆಯ ಹಳ್ಳಿಯೊಂದರಿಂದ ಬಂದಿದ್ದ ತಾಯಿಯೊಬ್ಬರು ನಮ್ಮನ್ನು ಪೌಳಿಯ ಮೂಲೆಗೆ ಕರೆದು ಮಾತನಾಡಿಸಿದರು. ಅವರ ಮಗ ಬೆಂಗಳೂರಿನಲ್ಲಿ ಓದು ಮುಗಿಸಿ ಅಲ್ಲಿಯೇ ಕೆಲಸಕ್ಕೆ ಸೇರಿದವನು. ಬೀಡಿ, ಗುಟ್ಕಾ, ಸಾರಾಯಿ ಯಾವುದನ್ನೂ ಮುಟ್ಟದ ಹುಡುಗ. ಒಂದು ಶನಿವಾರ ಗೆಳೆಯರೊಡನೆ ನಗರದ ಹೊರಗಿನ ತೋಟದ ಮನೆಯ ಪಾರ್ಟಿಗೆ ಹೋದನು. ಅಲ್ಲಿ ಯಾರೋ ಕೊಟ್ಟ ಮಾತ್ರೆಯೊಂದನ್ನು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದನ್ನು ನುಂಗಿದನು. ಬೆಳಗಿನ ಜಾವ ಮೈ ಕೆಂಡವಾಗಿ ಬಿದ್ದನು. ಜೊತೆಗಿದ್ದವರು ಪೊಲೀಸರಿಗೆ ಹೆದರಿ ಅವನನ್ನು ಮೂರು ತಾಸು ಕೋಣೆಯೊಂದರಲ್ಲಿ ಮಲಗಿಸಿಟ್ಟರು. ಆಸ್ಪತ್ರೆಗೆ ಸೇರುವ ಹೊತ್ತಿಗೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಹಲವು ಬಾರಿ ಡಯಾಲಿಸಿಸ್ ಆದ ಮೇಲೆ ಜೀವ ಉಳಿಯಿತು. "ಊರಾಗ ಡೆಂಗೀ ಜ್ವರ ಅಂತ ಹೇಳೇವ್ರಿ ಅಣ್ಣಾರ. ಹೆಸರು ಹಾಕಬ್ಯಾಡ್ರಿ, ಉಳಿದದ್ದೆಲ್ಲಾ ಬರೀರಿ" ಎಂದು ಆ ತಾಯಿ ಕೈಮುಗಿದರು. ಈ ಲೇಖನ ಹುಟ್ಟಿದ್ದು ಹೀಗೆ.

ಈ ಆರೋಗ್ಯ ವಿಭಾಗದಲ್ಲಿ ನಾವು ಇದುವರೆಗೆ ತಂಬಾಕು, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಚಾರವಾಗಿ ಬರೆದಿದ್ದೇವೆ. ಹಾನಗಲ್ಲ, ಹಿರೇಕೆರೂರ ಭಾಗದ ಭತ್ತ, ಗೋವಿನಜೋಳದ ಹೊಲಗಳ ನಡುವೆ ಬಾಳುವ ನಮಗೆ ರೇವ್ ಪಾರ್ಟಿಯ ಗೊಡವೆ ಏಕೆ ಎಂದು ಹಿರಿಯರು ಕೇಳಬಹುದು. ಹತ್ತು ವರ್ಷಗಳ ಹಿಂದೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಆದರೆ ಸಂಜೆಯ ಊಟ ಮುಗಿಸಿ ಬಸ್ಸು ಹತ್ತಿದ ಮಗ ಬೆಳಗಾಗುವುದರೊಳಗೆ ಬೆಂಗಳೂರಿನಲ್ಲಿರುತ್ತಾನೆ. ಹುಬ್ಬಳ್ಳಿಯಿಂದ ಗೋವೆ ಅರ್ಧ ದಿನದ ಪಯಣವೂ ಅಲ್ಲ. ನಮ್ಮ ಊರುಗಳ ಯಾವ ಓಣಿಯಲ್ಲಿ ನೋಡಿದರೂ ಎರಡು ಮೂರು ಮನೆಗಳ ಮಕ್ಕಳು ಆ ನಗರಗಳಲ್ಲಿ ಓದುತ್ತಲೋ ದುಡಿಯುತ್ತಲೋ ಇದ್ದಾರೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಕುಣಿಯುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಜಾತ್ರೆಯಲ್ಲಿ ಪುರವಂತರು ಕುಣಿಯುತ್ತಾರೆ, ಡೊಳ್ಳಿನವರು ಕುಣಿಯುತ್ತಾರೆ, ದೊಡ್ಡಾಟದ ಕಲಾವಿದರು ಕಿರೀಟ, ಭುಜಕೀರ್ತಿಗಳ ಭಾರ ಹೊತ್ತು ಬೆಳ್ಳಂಬೆಳಗಿನವರೆಗೆ ರಂಗದ ಮೇಲಿರುತ್ತಾರೆ. ಆದರೆ ಅಲ್ಲಿ ದಣಿದವನು ಕುಳಿತುಕೊಳ್ಳುತ್ತಾನೆ, ಬಾಯಾರಿದವನು ನೀರು ಕೇಳುತ್ತಾನೆ, ಬೆವರಿದವನು ಮೇಲಂಗಿ ತೆಗೆದು ಗಾಳಿಗೆ ನಿಲ್ಲುತ್ತಾನೆ. ದಣಿವು, ಬಾಯಾರಿಕೆ, ಸೆಕೆ ಇವು ಶರೀರವು ನಮ್ಮ ರಕ್ಷಣೆಗಾಗಿ ಕೂಗುವ ಕೂಗುಗಳು. ನಾವು ವಿವರಿಸಲಿರುವ ಮಾತ್ರೆಯು ಆ ಕೂಗನ್ನೇ ಕೇಳಿಸದಂತೆ ಮಾಡುತ್ತದೆ. ಅದರ ಅಪಾಯದ ಬೇರು ಇಲ್ಲಿದೆ.

ರೇವ್ ಎಂದರೆ ರಾತ್ರಿಯಿಡೀ ಒಂದೇ ಲಯದ ಅಬ್ಬರದ ವಿದ್ಯುನ್ಮಾನ ಸಂಗೀತಕ್ಕೆ ನೂರಾರು ಜನ ಕೂಡಿ ಕುಣಿಯುವ ಕೂಟ. 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಪಾಳು ಗೋದಾಮುಗಳಲ್ಲಿಯೂ ಬಯಲುಗಳಲ್ಲಿಯೂ ಇದು ಹಬ್ಬಿತು. ನಮ್ಮ ಕಡೆ ಗೋವೆಯ ಅಂಜುನಾ, ವಾಗತೋರ್ ಕಡಲತೀರಗಳು ಇದಕ್ಕೆ ಹೆಸರಾದವು. ಅಲ್ಲಿಂದ ಬೆಂಗಳೂರಿನ ಪಬ್ಬುಗಳಿಗೆ, ಪಬ್ಬುಗಳಿಂದ ಊರಾಚೆಯ ರೆಸಾರ್ಟು ಮತ್ತು ತೋಟದ ಮನೆಗಳಿಗೆ ಬಂದಿತು. 2020ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಕನ್ನಡ ಚಿತ್ರರಂಗದವರ ಹೆಸರುಗಳು ಮಾದಕ ವಸ್ತುಗಳ ಪ್ರಕರಣದಲ್ಲಿ ಕೇಳಿಬಂದು ರಾಜ್ಯವೇ ಬೆಚ್ಚಿದ್ದು ವಾಚಕರ ನೆನಪಿನಲ್ಲಿರಬಹುದು. ಅದು ಚಿತ್ರತಾರೆಯರ ಸುದ್ದಿಯಾಗಿ ಬಂದು ಹಾಗೆಯೇ ಸರಿದುಹೋಯಿತು. ಅದರ ಹಿಂದಿನ ವೈದ್ಯಕೀಯ ಸಂಗತಿ ಯಾರ ಕಿವಿಗೂ ಬೀಳಲಿಲ್ಲ. 2024ರ ಮೇ 20ರ ನಸುಕಿನಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಸಮೀಪದ ತೋಟದ ಮನೆಯೊಂದರಲ್ಲಿ ನಡೆದಿದ್ದ ಹುಟ್ಟುಹಬ್ಬದ ಪಾರ್ಟಿಯ ಮೇಲೆ ಕೇಂದ್ರ ಅಪರಾಧ ವಿಭಾಗದ ಪೊಲೀಸರು ದಾಳಿ ಮಾಡಿದರು. ಅಲ್ಲಿದ್ದ 103 ಜನರ ರಕ್ತವನ್ನು ಪರೀಕ್ಷಿಸಿದಾಗ 86 ಜನರಲ್ಲಿ ಮಾದಕ ವಸ್ತು ಇರುವುದು ಕಂಡುಬಂದಿತು. ಅವರಲ್ಲಿ 27 ಮಂದಿ ಹೆಣ್ಣುಮಕ್ಕಳು.

2025ರ ಮಾರ್ಚ್ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂದಿತು. ಮಂಗಳೂರು ನಗರ ಪೊಲೀಸರು ಸಣ್ಣ ಮಾರಾಟಗಾರರ ಜಾಡು ಹಿಡಿದು ಹೋಗಿ ಬೆಂಗಳೂರಿನಲ್ಲಿ ಇಬ್ಬರು ವಿದೇಶಿ ಮಹಿಳೆಯರಿಂದ 37 ಕಿಲೋಗೂ ಹೆಚ್ಚು ಎಂಡಿಎಂಎ ವಶಪಡಿಸಿಕೊಂಡರು. ಬೆಲೆ ಸುಮಾರು 75 ಕೋಟಿ ರೂಪಾಯಿ ಎಂದರು. ಒಂದು ಸಲದ ಸೇವನೆಗೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ ಎಂದು ಹಿಡಿದರೂ ಅದು ಮೂರೂವರೆ ಲಕ್ಷಕ್ಕಿಂತ ಹೆಚ್ಚು ಸೇವನೆಗಳಿಗೆ ಸಾಕಾಗುವಷ್ಟು ಸರಕು. ಇಷ್ಟನ್ನು ಕೊಳ್ಳುವವರು ಯಾರೋ ನಾಲ್ಕು ಮಂದಿ ಸಿರಿವಂತರ ಮಕ್ಕಳಷ್ಟೇ ಆಗಿರಲು ಸಾಧ್ಯವಿಲ್ಲವೆಂಬುದು ಯಾರಿಗಾದರೂ ತಿಳಿಯುವ ಲೆಕ್ಕ.

ಈ ಎಂಡಿಎಂಎ ಎಂದರೇನು? ಇದನ್ನು ಮೊದಲು ತಯಾರಿಸಿದವರು ಜರ್ಮನಿಯ ಮರ್ಕ್ ಕಂಪನಿಯ ರಸಾಯನ ವಿಜ್ಞಾನಿಗಳು, 1912ರಲ್ಲಿ. ರಕ್ತಸ್ರಾವವನ್ನು ತಡೆಯುವ ಔಷಧವೊಂದನ್ನು ಹುಡುಕುವಾಗ ನಡುವೆ ದೊರೆತ ಪದಾರ್ಥವಿದು. ಹಲವು ದಶಕ ಕಪಾಟಿನಲ್ಲಿ ಬಿದ್ದಿತ್ತು. 1970ರ ದಶಕದಲ್ಲಿ ಅಮೆರಿಕೆಯ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಶುಲ್ಗಿನ್ ಇದನ್ನು ಮತ್ತೆ ತಯಾರಿಸಿ ಮನಸ್ಸಿನ ಮೇಲಿನ ಪರಿಣಾಮವನ್ನು ದಾಖಲಿಸಿದನು. ಕೆಲವು ಮನೋಚಿಕಿತ್ಸಕರು ಬಳಸತೊಡಗಿದರು. ಅಲ್ಲಿಂದ ಅದು ಕುಣಿತದ ಕೂಟಗಳಿಗೆ ಜಾರಿತು. 1985ರಲ್ಲಿ ಅಮೆರಿಕ ಇದನ್ನು ನಿಷೇಧಿಸಿತು. ಈಗ ಎಕ್ಸ್ಟಸಿ, ಮಾಲಿ, ಎಕ್ಸ್ ಎಂಬ ಹೆಸರುಗಳಲ್ಲಿ, ಬಣ್ಣಬಣ್ಣದ ಪುಟ್ಟ ಮಾತ್ರೆಗಳಾಗಿ ಅಥವಾ ಕಲ್ಲುಸಕ್ಕರೆಯ ಪುಡಿಯಂತಹ ಹರಳುಗಳಾಗಿ ಕೈಯಿಂದ ಕೈಗೆ ಸಾಗುತ್ತದೆ. ಮಾತ್ರೆಯ ಮೇಲೆ ನಗುಮುಖವೋ ಹೃದಯದ ಚಿತ್ರವೋ ಇರುತ್ತದೆ. ನೋಡಿದವರಿಗೆ ಪೆಪ್ಪರಮಿಂಟ್ ಎನಿಸಬೇಕು, ಹಾಗಿರುತ್ತದೆ.

ನುಂಗಿದ ಅರ್ಧ ತಾಸಿನಿಂದ ಒಂದು ತಾಸಿನೊಳಗೆ ಇದರ ಪ್ರಭಾವ ಆರಂಭವಾಗಿ ನಾಲ್ಕೈದು ತಾಸು ಇರುತ್ತದೆ. ನಮ್ಮ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವಿದೆ. ಮನಸ್ಸಿನ ನೆಮ್ಮದಿ, ನಿದ್ದೆ, ಹಸಿವು, ಮೈಯ ಶಾಖದ ಹತೋಟಿ ಇವೆಲ್ಲದರಲ್ಲಿ ಅದಕ್ಕೆ ಪಾತ್ರವುಂಟು. ಮಿದುಳು ಅದನ್ನು ದಿನದಿನದ ಅಗತ್ಯಕ್ಕೆ ತಕ್ಕಂತೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಹಿಂದಿನ ಕಾಲದ ಮನೆಯವರು ಹಗೇವಿನ ಜೋಳವನ್ನು ಮುಂದಿನ ಸುಗ್ಗಿಯವರೆಗೆ ಎಣಿಸಿ ತೆಗೆಯುತ್ತಿದ್ದ ಹಾಗೆ. ಈ ಮಾತ್ರೆ ಒಂದೇ ರಾತ್ರಿ ಹಗೇವಿನ ಬಾಯಿ ತೆರೆದು ಇದ್ದುದನ್ನೆಲ್ಲ ಅಂಗಳಕ್ಕೆ ಸುರಿಯುತ್ತದೆ. ಆ ಕೆಲವು ತಾಸು ಎಲ್ಲರೂ ಆಪ್ತರೆಂದು ತೋರುತ್ತಾರೆ, ಸಂಕೋಚ ಮಾಯವಾಗುತ್ತದೆ, ಕಾಲು ಸೋಲುವುದಿಲ್ಲ. ಸೇವಿಸಿದವರು ಹೇಳುವ ಈ ಸುಖ ಸುಳ್ಳಲ್ಲ. ಸುಳ್ಳೆಂದು ನಾವು ಬೋಧಿಸಿದರೆ, ಒಮ್ಮೆ ಸೇವಿಸಿ ನೋಡಿದ ಹುಡುಗ ನಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಬರಿದಾದ ಹಗೇವಿನ ಲೆಕ್ಕ ಕಾಣಿಸಿಕೊಳ್ಳುತ್ತದೆ: ಕಾರಣವಿಲ್ಲದ ಅಳು, ಸಿಡುಕು, ನಿದ್ದೆಯಿಲ್ಲದ ರಾತ್ರಿ, ಕೆಲವರಲ್ಲಿ ಬದುಕೇ ಬೇಡವೆಂಬ ಖಿನ್ನತೆ. ಮೊದಲೇ ಮನಸ್ಸು ಕುಗ್ಗಿದ್ದವರಿಗೆ ಈ ಮಂಗಳವಾರ, ಬುಧವಾರಗಳು ಕಠಿಣವಾದವು.

ಆದರೆ ಜೀವ ತೆಗೆಯುವುದು ಅದೇ ರಾತ್ರಿಯ ಶಾಖ. ಆರೋಗ್ಯವಂತನ ಮೈಶಾಖ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್. ಎಂಡಿಎಂಎ ಶಾಖದ ಹತೋಟಿಯನ್ನು ಕೆಡಿಸುತ್ತದೆ, ಚರ್ಮದ ರಕ್ತನಾಳಗಳನ್ನು ಬಿಗಿದು ಒಳಗಿನ ಬಿಸಿ ಹೊರಹೋಗದಂತೆ ಮಾಡುತ್ತದೆ, ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಅದರ ಮೇಲೆ ಗಾಳಿಯಾಡದ ಕಿಕ್ಕಿರಿದ ಕೋಣೆ ಮತ್ತು ನಿಲ್ಲದ ಕುಣಿತ. ಶಾಖ 104 ದಾಟಿ, ವಿಷಮ ಸ್ಥಿತಿಯಲ್ಲಿ 107ನ್ನೂ ಮೀರುತ್ತದೆ. ಆಗ ಸ್ನಾಯುಗಳ ಕೋಶಗಳು ಒಡೆದು ಅವುಗಳೊಳಗಿನ ಪದಾರ್ಥ ರಕ್ತಕ್ಕೆ ಸೇರಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕಟ್ಟಿಹಾಕುತ್ತದೆ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ತಾಯಿಯ ಮಗನಿಗೆ ಆದದ್ದು ಇದೇ. ಯಕೃತ್ತು ಕೆಡಬಹುದು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಅಸ್ತವ್ಯಸ್ತವಾಗಬಹುದು. ರಕ್ತದೊತ್ತಡ ಒಮ್ಮೆಲೇ ಏರುವುದರಿಂದ ಮಿದುಳಿನಲ್ಲಿ ರಕ್ತಸ್ರಾವವಾದ ಯುವಕರೂ ಇದ್ದಾರೆ. ತಮಗೆ ಹೃದಯದ ದೋಷವಿದೆಯೆಂದು ತಿಳಿಯದೆ ಬಾಳುತ್ತಿರುವವರಿಗೆ ಇದು ಮೊದಲ ಸಲವೇ ಕೊನೆಯ ಸಲವಾಗಬಲ್ಲದು.

ಇಂತಹ ಶಾಖಕ್ಕೆ ಮನೆಯಲ್ಲಿರುವ ಜ್ವರದ ಮಾತ್ರೆ ನಡೆಯುವುದಿಲ್ಲ. ಸೋಂಕಿನಿಂದ ಬರುವ ಜ್ವರದ ದಾರಿಯೇ ಬೇರೆ, ಈ ಬಿಸಿಯ ದಾರಿಯೇ ಬೇರೆ. ಪ್ಯಾರಾಸಿಟಮಾಲ್ ಕೊಟ್ಟರೆ ಈಗಾಗಲೇ ಕಷ್ಟದಲ್ಲಿರುವ ಯಕೃತ್ತಿಗೆ ಹೊರೆ ಹೆಚ್ಚಬಹುದೇ ಹೊರತು ಮೈ ತಣಿಯದು.

ನೀರಿನ ವಿಚಾರ ಇನ್ನೂ ವಿಚಿತ್ರವಾದುದು. ಬೆವರಿ ಒಣಗಿದರೆ ಪ್ರಾಣಾಪಾಯವೆಂದು ಕೇಳಿದ ಹುಡುಗರು ಬಾಟಲಿಗಟ್ಟಲೆ ನೀರು ಕುಡಿಯುತ್ತಾರೆ. ಎಂಡಿಎಂಎ ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಹೆಚ್ಚಿಸುವುದರಿಂದ ಕುಡಿದ ನೀರು ಹೊರಹೋಗದೆ ರಕ್ತದಲ್ಲಿಯೇ ನಿಲ್ಲುತ್ತದೆ. ರಕ್ತದ ಉಪ್ಪಿನಂಶ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. 1995ರ ನವೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಹುಡುಗಿಯೊಬ್ಬಳು ತನ್ನ 18ನೆಯ ಹುಟ್ಟುಹಬ್ಬದ ಕೂಟದಲ್ಲಿ, ಸ್ವಂತ ಮನೆಯಲ್ಲಿಯೇ, ಒಂದು ಮಾತ್ರೆ ನುಂಗಿ ಒಂದೂವರೆ ತಾಸಿನೊಳಗೆ ಸುಮಾರು 7 ಲೀಟರ್ ನೀರು ಕುಡಿದಳು. ಪ್ರಜ್ಞೆ ತಪ್ಪಿದವಳು ಮತ್ತೆ ಕಣ್ಣು ತೆರೆಯಲಿಲ್ಲ. ಆ ಮಾತ್ರೆಯಲ್ಲಿ ಕಲಬೆರಕೆಯ ವಿಷವಿದ್ದಿತೆಂದು ಮೊದಲು ಸುದ್ದಿ ಹಬ್ಬಿತ್ತು. ಪರೀಕ್ಷೆಯಲ್ಲಿ ಹಾಗೇನೂ ಕಾಣಲಿಲ್ಲ; ಮಾತ್ರೆಯೂ ನೀರೂ ಕೂಡಿ ಆಕೆಯನ್ನು ಕೊಂದಿದ್ದವು. "ಒಳ್ಳೆಯ ಸರಕಾದರೆ ಅಪಾಯವಿಲ್ಲ" ಎಂಬ ಮಾತು ನಮ್ಮ ಹುಡುಗರ ನಡುವೆಯೂ ಚಲಾವಣೆಯಲ್ಲಿರುವುದರಿಂದ ಈ ಹಳೆಯ ಘಟನೆಯನ್ನು ಇಲ್ಲಿ ಬರೆದೆವು.

ಹಾಗೆಂದು ಕಲಬೆರಕೆ ಇಲ್ಲವೆಂದಲ್ಲ. ಔಷಧದಂಗಡಿಯ ಮಾತ್ರೆಯ ಮೇಲೆ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ, ತಯಾರಿಸಿದವರ ಹೆಸರಿರುತ್ತದೆ. ಇದಕ್ಕೆ ಅದೊಂದೂ ಇಲ್ಲ. ಒಂದೇ ಬಣ್ಣದ, ಒಂದೇ ಗುರುತಿನ ಎರಡು ಮಾತ್ರೆಗಳಲ್ಲಿ ಒಂದರಲ್ಲಿರುವುದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು ಪದಾರ್ಥ ಇನ್ನೊಂದರಲ್ಲಿರಬಹುದು. ಕೆಲವೊಮ್ಮೆ ಎಂಡಿಎಂಎ ಹೆಸರಿನಲ್ಲಿ ಪಿಎಂಎ ಎಂಬ ಬೇರೊಂದು ಪದಾರ್ಥವನ್ನು ಮಾರುತ್ತಾರೆ. ಅದು ನಿಧಾನವಾಗಿ ಏರುತ್ತದೆ, ಮೈಯನ್ನು ಇನ್ನೂ ಹೆಚ್ಚು ಕಾಯಿಸುತ್ತದೆ. ನುಂಗಿದವನು ಅರ್ಧ ತಾಸು ಕಾದು, ಏನೂ ಆಗಲಿಲ್ಲವೆಂದು ಎರಡನೆಯದನ್ನು ನುಂಗುತ್ತಾನೆ. ಎರಡೂ ಒಟ್ಟಿಗೆ ಏರುತ್ತವೆ. ಖಿನ್ನತೆಗೆ ವೈದ್ಯರು ಕೊಟ್ಟ ಮಾತ್ರೆಗಳನ್ನು ನುಂಗುತ್ತಿರುವವರಿಗೂ, ಕೆಲವು ಬಗೆಯ ಕೆಮ್ಮಿನ ಸಿರಪ್ಪನ್ನು ಅಮಲಿಗಾಗಿ ಕುಡಿಯುವವರಿಗೂ ಅಪಾಯ ಇನ್ನಷ್ಟು. ಸೆರೊಟೋನಿನ್ ಮಿತಿಮೀರಿ ಕೈಕಾಲು ನಡುಗಿ, ಸೆಟೆದು, ಪ್ರಜ್ಞೆ ತಪ್ಪುವ ಸ್ಥಿತಿ ಬರಬಹುದು.

ಉಳಿದ ಪದಾರ್ಥಗಳನ್ನು ಚಿಕ್ಕದಾಗಿ ಹೇಳುತ್ತೇವೆ. ಎಲ್‌ಎಸ್‌ಡಿ ಅಂಚೆಚೀಟಿಯ ತುಣುಕಿನಂತಹ ಕಾಗದದಲ್ಲಿ ಬರುತ್ತದೆ. ನಾಲಿಗೆಯ ಮೇಲಿಟ್ಟರೆ ಎಂಟು ಹತ್ತು ತಾಸು ಇಲ್ಲದ್ದು ಕಾಣುತ್ತದೆ, ಭಯ ಹಿಡಿದವರು ಮಹಡಿಯಿಂದ ಜಿಗಿಯುವುದೂ ಉಂಟು. ಕೆಟಮಿನ್ 1962ರಲ್ಲಿ ಕಂಡುಹಿಡಿದ ಅರಿವಳಿಕೆ ಔಷಧ. ಆಸ್ಪತ್ರೆಯಲ್ಲಿಯೂ ಪಶುವೈದ್ಯರ ಬಳಿಯೂ ಅದು ಇಂದಿಗೂ ಉಪಕಾರಿ, ಪಾರ್ಟಿಯಲ್ಲಿ ಮೇಲಿಂದ ಮೇಲೆ ಸೇದಿದವರಿಗೆ ಮೂತ್ರಕೋಶವೇ ಕುಗ್ಗಿ ಗಳಿಗೆಗೊಮ್ಮೆ ನೋವಿನಿಂದ ಮೂತ್ರಕ್ಕೆ ಓಡುವ ಪಾಡು. ಮೆಥಾಂಫೆಟಮಿನ್, ಅಂದರೆ ಐಸ್ ಅಥವಾ ಕ್ರಿಸ್ಟಲ್, ಇವೆಲ್ಲವುಗಳಲ್ಲಿ ಅತಿ ಬೇಗ ಚಟವಾಗಿ ಅಂಟಿಕೊಳ್ಳುವಂಥದು. ಜಿಎಚ್‌ಬಿ ಎಂಬುದು ಬಣ್ಣವಿಲ್ಲದ, ಕೊಂಚ ಉಪ್ಪುರುಚಿಯ ದ್ರವ. ಮದ್ಯದೊಡನೆ ಬೆರೆತರೆ ಉಸಿರು ನಿಲ್ಲಿಸಬಲ್ಲದು.

ಈ ದ್ರವವನ್ನೂ ಇಂತಹ ಬೇರೆ ಪದಾರ್ಥಗಳನ್ನೂ ತಿಳಿಯದಂತೆ ಬೇರೆಯವರ ಪಾನೀಯದಲ್ಲಿ ಬೆರೆಸುವ ದುಷ್ಟತನವೂ ಇದೆ. 2022ರ ಆಗಸ್ಟ್ ತಿಂಗಳಲ್ಲಿ ಹರಿಯಾಣದ ರಾಜಕಾರಣಿಯೂ ಕಿರುತೆರೆ ನಟಿಯೂ ಆಗಿದ್ದ ಮಹಿಳೆಯೊಬ್ಬರು ಅಂಜುನಾದಲ್ಲಿ ಪಾರ್ಟಿಯ ಮರುದಿನ ಬೆಳಿಗ್ಗೆ ಮೃತಪಟ್ಟಾಗ, ಅವರ ಪಾನೀಯದಲ್ಲಿ ಮೆಥಾಂಫೆಟಮಿನ್ ಬೆರೆಸಲಾಗಿತ್ತೆಂದು ಗೋವೆಯ ಪೊಲೀಸರು ಹೇಳಿದರು. ಹೊರಗೆ ಓದುವ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಹೇಳಬೇಕಾದುದಿಷ್ಟೆ: ಮುಚ್ಚಳ ತೆರೆದ ಬಾಟಲಿಯನ್ನು ಅಪರಿಚಿತರಿಂದ ತೆಗೆದುಕೊಳ್ಳಬಾರದು, ಇಟ್ಟುಹೋದ ಲೋಟದಿಂದ ಮತ್ತೆ ಕುಡಿಯಬಾರದು. ಇಷ್ಟು ಎಚ್ಚರವಿದ್ದೂ ಮೋಸವಾದರೆ ಅದು ಮೋಸ ಮಾಡಿದವನ ಅಪರಾಧ. ಅಂತಹ ಮಗಳನ್ನು "ನೀನು ಅಲ್ಲಿಗೆ ಏಕೆ ಹೋದೆ" ಎಂದು ಮೊದಲು ಪ್ರಶ್ನಿಸುವ ಮನೆಯಲ್ಲಿ ಆಕೆ ಎರಡನೆಯ ಮಾತು ಆಡುವುದಿಲ್ಲ.

ಬಿದ್ದವನ ಪಕ್ಕದಲ್ಲಿದ್ದವರು ಮಾಡಬೇಕಾದುದು

ಈ ಭಾಗವನ್ನು ಮನೆಯ ಯುವಕ ಯುವತಿಯರು ಓದಲೇಬೇಕು. ಬೆಂಗಳೂರಿನಲ್ಲಿರುವವರಿಗೆ ಇದರ ಫೋಟೋ ತೆಗೆದು ಮೊಬೈಲಿಗೆ ಕಳುಹಿಸಿದರೂ ಸರಿ. ಮೈ ಸುಡುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಗುರುತು ಹಿಡಿಯದಿದ್ದರೆ, ದವಡೆ ಕಚ್ಚಿ ಕೈಕಾಲು ಸೆಟೆದುಕೊಂಡರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೆ ತಂಪಾದ, ಗಾಳಿಯಾಡುವ ಜಾಗಕ್ಕೆ ತಂದು, ದಪ್ಪ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತ ಗಾಳಿ ಬೀಸಬೇಕು. ಪ್ರಜ್ಞೆ ಇಲ್ಲದಿದ್ದರೆ ಮಗ್ಗುಲಾಗಿ ಮಲಗಿಸಬೇಕು, ವಾಂತಿಯಾದರೂ ಅದು ಶ್ವಾಸನಾಳಕ್ಕೆ ಇಳಿಯಬಾರದು.

ನಮ್ಮ ಕಡೆ ಅಮಲು ಇಳಿಸಲು ಹುಳಿಮಜ್ಜಿಗೆ, ನಿಂಬೆರಸ, ಹುಣಸೆ ನೀರು ಕುಡಿಸುವ ವಾಡಿಕೆಯಿದೆ. ಅರೆಪ್ರಜ್ಞೆಯಲ್ಲಿರುವವನಿಗೆ ಇದನ್ನು ಕುಡಿಸಿದರೆ ಅದು ಪುಪ್ಪುಸಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಬೆರಳು ಹಾಕಿ ವಾಂತಿ ಮಾಡಿಸುವುದೂ ಬೇಡ. ಸೆಟೆತ ಬಂದವನ ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವುಗಳಿಂದ ಸಮಯ ಹಾಳಾಗುತ್ತದೆ, ಪ್ರಯೋಜನವೇನೂ ಆಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು "ಮಲಗಿದರೆ ಸರಿಹೋಗುತ್ತದೆ" ಎಂದು ಒಬ್ಬನನ್ನೇ ಬಿಟ್ಟುಹೋಗುವುದು. ಎಂಡಿಎಂಎ ವಿಷಕ್ಕೆ ಪ್ರತಿಮದ್ದು ಎಂಬುದಿಲ್ಲ. ಮೈ ತಣಿಸುವುದು, ಸೆಟೆತ ಇಳಿಸುವುದು, ರಕ್ತದ ಉಪ್ಪು ನೀರುಗಳ ಸಮತೋಲ ಕಾಯುವುದು, ಇವೇ ಚಿಕಿತ್ಸೆ. ಇವೆಲ್ಲ ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ, ಮತ್ತು ಬೇಗ ಬಂದಷ್ಟೂ ಫಲಕಾರಿ. ವೈದ್ಯರಿಗೆ ಏನು ನುಂಗಿದನೆಂದು ನಿಜವನ್ನೇ ಹೇಳಬೇಕು. ಉಳಿದ ಮಾತ್ರೆಯೋ ಪೊಟ್ಟಣವೋ ಇದ್ದರೆ ತೋರಿಸಬೇಕು. "ಊಟದಲ್ಲಿ ಏನೋ ಆಯಿತು" ಎಂದು ಹೇಳಿದರೆ ಅವರು ಊಟದ ವಿಷಕ್ಕೇ ಚಿಕಿತ್ಸೆ ಆರಂಭಿಸುತ್ತಾರೆ.

ಇನ್ನು ಆ ಮೂರು ತಾಸುಗಳ ಭಯ. ತುರ್ತು ಸ್ಥಿತಿಯಲ್ಲಿ ಬಂದವನಿಗೆ ಮೊದಲು ಚಿಕಿತ್ಸೆ, ಪೊಲೀಸ್ ವಿಚಾರಣೆ ಆಮೇಲೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಹೇಳಿದೆ. ಈ ಕಾರಣಕ್ಕೆ ಯಾವ ಆಸ್ಪತ್ರೆಯೂ ಬಾಗಿಲು ಮುಚ್ಚುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದಿಲ್ಲವೆಂದು ನಾವು ಹೇಳುವುದಿಲ್ಲ, ತಿಳಿಸಬಹುದು. ಆದರೆ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಂಡಿಎಂಎ ಸೇವನೆಗಷ್ಟೇ ಇರುವ ಗರಿಷ್ಠ ಶಿಕ್ಷೆ ಆರು ತಿಂಗಳ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಕೊಕೇನಿಗೆ ಒಂದು ವರ್ಷ. ಅದೇ ಕಾಯ್ದೆಯ 64ಎ ಕಲಮಿನ ಪ್ರಕಾರ, ಚಟಕ್ಕೆ ಸಿಲುಕಿದವನು ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವನ್ನಷ್ಟೇ ಎದುರಿಸುತ್ತಿದ್ದು, ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ರಕ್ಷಣೆಯುಂಟು. ಈ ಕಲಮು ಇರುವುದು ನಮ್ಮ ಭಾಗದ ಎಷ್ಟು ತಂದೆತಾಯಿಗಳಿಗೆ ಗೊತ್ತು?

ಹಂಚುವವನ ಗತಿ ಬೇರೆ. ಎಂಡಿಎಂಎ ವಿಚಾರದಲ್ಲಿ ಕಾನೂನು ಅರ್ಧ ಗ್ರಾಮನ್ನು ಅಲ್ಪ ಪ್ರಮಾಣವೆಂದೂ 10 ಗ್ರಾಮನ್ನು ವಾಣಿಜ್ಯ ಪ್ರಮಾಣವೆಂದೂ ಗುರುತಿಸಿದೆ. ಅರ್ಧ ಗ್ರಾಂ ದಾಟಿದರೆ ಹತ್ತು ವರ್ಷಗಳವರೆಗೆ ಕಠಿಣ ಸೆರೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು ವರ್ಷ. 2020ರ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಿಶ್ರಣದಲ್ಲಿರುವ ನಿರುಪದ್ರವಿ ಪುಡಿಯ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ತೀರ್ಪು ಕೊಟ್ಟಿತು. ಮಾತ್ರೆಯೊಂದು ಸುಮಾರು ಕಾಲು ಗ್ರಾಂ ತೂಗಿದರೆ ಮೂರು ಮಾತ್ರೆಗಳಿಗೇ ಅಲ್ಪ ಪ್ರಮಾಣದ ಗೆರೆ ದಾಟಿದಂತಾಯಿತು. ಎಲ್ಲರ ಪರವಾಗಿ ಹಣ ಕೂಡಿಸಿ "ನಾನೇ ತರುತ್ತೇನೆ" ಎಂದು ಹೊರಡುವ ಸ್ನೇಹಶೀಲ ಹುಡುಗನೊಬ್ಬ ಪ್ರತಿ ಗುಂಪಿನಲ್ಲಿಯೂ ಇರುತ್ತಾನೆ. ಸಿಕ್ಕಿಬೀಳುವವನು ಅವನು. ನಮ್ಮ ಹಳ್ಳಿಗಳಿಂದ ಹೋದ, ನಾಲ್ಕು ಜನರ ಮೆಚ್ಚಿಕೆಗೆ ಹಂಬಲಿಸುವ ಮಕ್ಕಳು ಆ ಪಾತ್ರಕ್ಕೆ ಸುಲಭವಾಗಿ ಒಪ್ಪುತ್ತಾರೆಂಬುದು ನಮ್ಮ ಅಳಲು.

ಮನೆಯವರ ಪಾಲು

ಮಕ್ಕಳನ್ನು ಕಳ್ಳರಂತೆ ಶೋಧಿಸಿರೆಂದು ನಾವು ಹೇಳುವುದಿಲ್ಲ. ರಜೆಗೆ ಬಂದ ಮಗ ಹಗಲೆಲ್ಲ ಮಲಗಿದರೆ ಅದು ದಣಿವೂ ಆಗಿರಬಹುದು. ಆದರೆ ಪ್ರತಿ ವಾರಾಂತ್ಯ ಫೋನು ಎತ್ತದಿರುವುದು, ವಾರದ ನಡುವೆ ಅಕಾರಣ ಮಂಕು, ಸಂಬಳ ಬಂದ ಹತ್ತು ದಿನದಲ್ಲಿ ಸಾಲ, ತೂಕ ಇಳಿಯುವುದು, ಹಲ್ಲು ಸವೆಯುವುದು ಅಥವಾ ದವಡೆ ನೋವು, ಹಳೆಯ ಗೆಳೆಯರ ಒಡನಾಟ ತಪ್ಪುವುದು ಇವು ಹಲವು ಕೂಡಿ ಬಂದಾಗ ಹತ್ತಿರ ಕೂರಿಸಿ ಕೇಳಬೇಕು. ಕೇಳುವ ರೀತಿಯಲ್ಲಿಯೇ ಎಲ್ಲವೂ ಇದೆ. ಆ ತಾಯಿಯ ಮಗ ಆ ರಾತ್ರಿ, ನಾಲಿಗೆ ಇನ್ನೂ ತಿರುಗುತ್ತಿದ್ದಾಗ, ಗೆಳೆಯರಿಗೆ ಹೇಳಿದ್ದು ಒಂದೇ ಮಾತಂತೆ: "ಊರಿಗೆ ಮಾತ್ರ ಫೋನ್ ಮಾಡಬ್ಯಾಡ್ರಿ." ಅಪ್ಪ ಏನೆಂದಾರು, ಓಣಿಯವರು ಏನೆಂದಾರು, ಮಠಕ್ಕೆ ನಡೆದುಕೊಳ್ಳುವ ಮನೆತನದ ಮರ್ಯಾದೆ ಏನಾದೀತು! ಸಾವು ಬಾಗಿಲಲ್ಲಿ ನಿಂತಿರುವಾಗಲೂ ಅವನಿಗಿದ್ದ ಹೆದರಿಕೆ ನಮ್ಮದು. ಇದನ್ನು ಬರೆಯುವಾಗ ನಮಗೆ ಸಂಕಟವಾಗುತ್ತದೆ, ಏಕೆಂದರೆ ಆ ಹೆದರಿಕೆಯನ್ನು ಕಲಿಸಿದವರಲ್ಲಿ ನಾವೂ ಸೇರಿದ್ದೇವೆ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು, ಓಣಿ ಓಣಿ ತಿರುಗಿ, ಹಣ ಧಾನ್ಯಗಳ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದುದನ್ನು ವಾಚಕರು ಬಲ್ಲರು. ಬೀಡಿ, ಗುಟ್ಕಾ, ತಂಬಾಕಿನ ಪೊಟ್ಟಣಗಳು ಆ ಮಹಾಂತ ಜೋಳಿಗೆಯಲ್ಲಿ ಬಿದ್ದವು. ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆಯ ಬಲವಿದ್ದದ್ದು ಅದನ್ನು ಹಿಡಿದವರು ಯಾರನ್ನೂ ಬಯ್ಯಲಿಲ್ಲ ಎಂಬುದರಲ್ಲಿ. ಅವರು ಬೇಡಿದರು, ಹಾಕಿದವನು ಕೊಟ್ಟವನೆಂಬ ಗೌರವದಿಂದ ಮನೆಗೆ ಹೋದನು. ಇಂದಿನ ಈ ವ್ಯಸನ ಬೀಡಿಯಂತೆ ಕೈಯಲ್ಲಿ ಕಾಣುವುದಿಲ್ಲ, ಇದನ್ನು ಸೇವಿಸುವವರು ನಮ್ಮ ಪ್ರವಚನಕ್ಕೆ ಬರುವುದೂ ಕಡಿಮೆ. ವರ್ಷಕ್ಕೊಮ್ಮೆ ಜಾತ್ರೆಗೆ ಬರುತ್ತಾರೆ, ರಥ ಎಳೆಯುತ್ತಾರೆ, ಮರುದಿನದ ಬಸ್ಸಿಗೆ ಹೋಗುತ್ತಾರೆ. ಈ ವರ್ಷದ ಜಾತ್ರೆಯಲ್ಲಿ ಪ್ರಸಾದ ನಿಲಯದ ಪಕ್ಕದ ಕೋಣೆಯಲ್ಲಿ ಒಬ್ಬ ವೈದ್ಯರನ್ನು ಕೂರಿಸಿ, ಹೆಸರು ಊರು ಕೇಳದೆ ಯುವಜನರೊಡನೆ ಮಾತನಾಡುವ ವ್ಯವಸ್ಥೆಯಾಗಬೇಕೆಂದು ನಾವು ಪೂಜ್ಯ ಶ್ರೀಗಳವರಲ್ಲಿ ವಿನಂತಿಸಿಕೊಂಡಿದ್ದೇವೆ.

ಅದಕ್ಕೆ ಮೊದಲೇ ನೆರವು ಬೇಕಾದವರಿಗೆ ದಾರಿಗಳಿವೆ. ಮಾದಕ ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಕಾಯಿಲೆಗಳಿಗಾಗಿ ಇರುವ ಟೆಲಿ ಮಾನಸ್ ಸಂಖ್ಯೆ 14416. ಇಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನಮಗೆ ಹತ್ತಿರದ ದೊಡ್ಡ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಬೆಂಗಳೂರಿನಲ್ಲಿರುವವರಿಗೆ ನಿಮ್ಹಾನ್ಸ್ ಆಸ್ಪತ್ರೆಯ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮಗನೋ ಮಗಳೋ ಬರಲು ಒಪ್ಪದಿದ್ದರೆ ತಂದೆತಾಯಿಗಳೇ ಮೊದಲು ಹೋಗಿ ವೈದ್ಯರೊಡನೆ ಮಾತನಾಡಬಹುದು, ಅನೇಕ ಮನೆಗಳಲ್ಲಿ ಚಿಕಿತ್ಸೆ ಆರಂಭವಾಗುವುದು ಹಾಗೆಯೇ. ಆ ತಾಯಿಯ ಮಗ ಈಗ ಊರಿನಲ್ಲಿದ್ದಾನೆ. ಅಪ್ಪನೊಡನೆ ಅಡಿಕೆ ತೋಟ ನೋಡಿಕೊಳ್ಳುತ್ತಾನೆ, ಮೂರು ತಿಂಗಳಿಗೊಮ್ಮೆ ಮೂತ್ರಪಿಂಡದ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಿಬರುತ್ತಾನೆ. ಡೆಂಗಿ ಜ್ವರದ ಕಥೆಯನ್ನು ಓಣಿಯವರು ಇನ್ನೂ ನಂಬಿದ್ದಾರೆ.